ಪೆಟ್ರೋಲ್ ಹಾಕಿಸುವಾಗ ಬೈಕ್ ಮೇಲೆ ಕೂತೇ ಇರಬಹುದಾ? ನಿನ್ನೆ ತೊಡೆ ಮೇಲೆಲ್ಲ ಚೆಲ್ಲಿತು

ಒಂಟಿಸವಾರ

ನಿನ್ನೆ ಸಂಜೆ ನಡೆದದ್ದು. ಕೈ ಇನ್ನೂ ಪೂರ್ತಿ ಸ್ಥಿಮಿತಕ್ಕೆ ಬಂದಿಲ್ಲ, ಆದರೂ ಬರೆದುಬಿಡ್ತೀನಿ.

ಎರಡು ಗಂಟೆ ಒಂದೇ ಸಮ ಓಡಿಸಿಕೊಂಡು ಬಂದು ಬಂಕ್‌ಗೆ ಗಾಡಿ ತಿರುಗಿಸಿದೆ. ಹಿಂದೆ ಮಗ ಕೂತಿದ್ದ, ಎಂಟು ವರ್ಷದವನು. ಇಂಜಿನ್ ಆಫ್ ಮಾಡಿ, ಕೀಲಿ ಹಾಕಿ ಮುಚ್ಚಳ ತೆಗೆದೆ. ಇಬ್ಬರೂ ಇಳಿಯಲಿಲ್ಲ. ನಾನು ಯಾವತ್ತೂ ಇಳಿದವನಲ್ಲ. ಎರಡೂ ಕಾಲು ನೆಲಕ್ಕೆ ಊರಿ, ಟ್ಯಾಂಕನ್ನ ತೊಡೆ ಮಧ್ಯೆ ಇಟ್ಟುಕೊಂಡೇ ಹಾಕಿಸೋದು ಅಭ್ಯಾಸ. ಫುಲ್ ಮಾಡಿ ಅಂದೆ. ನಾಜಲ್ ತಾನಾಗಿ ಕಟ್ ಆಯ್ತು. ಇನ್ನೂ ಸ್ವಲ್ಪ ಹಿಡಿಯುತ್ತೆ ಹಾಕಿ ಅಂತ ನಾನೇ ಹೇಳಿದೆ. ಅಷ್ಟರಲ್ಲಿ ಮಗ ಹಿಂದೆ ಏನೋ ನೋಡಲಿಕ್ಕೆ ಹೊರಳಿದ, ಗಾಡಿ ವಾಲಿತು, ನಾಜಲ್ ಜಾರಿ ಹೊರಗೆ ಬಂತು. ಲಿವರ್ ಇನ್ನೂ ಒತ್ತೇ ಇತ್ತು. ಟ್ಯಾಂಕ್ ಮೇಲಿಂದ ತೊಡೆ, ತೊಡೆಯಿಂದ ಇಂಜಿನ್. ಇಂಜಿನ್ ಮೇಲೆ ಬಿದ್ದದ್ದು ಚುಂಯ್ ಅಂತು, ಬಿಳೀ ಹೊಗೆ ಥರ ಎದ್ದಿತು.

ನನಗೆ ಅಲ್ಲಿಂದ ದೂರ ಹೋಗಬೇಕು ಅನ್ನೋದೊಂದೇ ಹೊಳೆದದ್ದು. ಮುಚ್ಚಳ ಒತ್ತಿ ಸೆಲ್ಫ್ ಹೊಡೆದು ಹೊರಟುಬಿಟ್ಟೆ. ಬಂಕ್‌ನವರು ಕೂಗ್ತಾ ಇದ್ದರು, ಏನಂತ ಕೇಳಿಸಲಿಲ್ಲ. ಏನೂ ಆಗಲಿಲ್ಲ. ಮನೆಗೆ ಬಂದು ಪ್ಯಾಂಟ್ ಬಿಚ್ಚಿ ಬಚ್ಚಲುಮನೆಯಲ್ಲಿ ನೇತುಹಾಕಿ, ಕಾಲು ತೊಳೆದುಕೊಂಡೆ. ತೊಡೆ ಇನ್ನೂ ಉರೀತಿದೆ, ಕೆಂಪಾಗಿದೆ.

ಕೇಳಬೇಕಿರೋದು ಇಷ್ಟು. ಇಳಿದೇ ಹಾಕಿಸಬೇಕಾ? ಬಿಸಿ ಇಂಜಿನ್ ಮೇಲೆ ಬಿದ್ದರೂ ಯಾಕೆ ಹತ್ತಿಕೊಳ್ಳಲಿಲ್ಲ? ಹತ್ತಿಕೊಂಡಿದ್ದರೆ ನಾನು ಏನು ಮಾಡಬೇಕಿತ್ತು?

ಸ್ಪ್ಯಾನರ್‌ಕೈ

ಮಗ ಕ್ಷೇಮವಾಗಿದ್ದಾನಲ್ಲ, ಅದೇ ಮೊದಲು.

ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ ಹೌದು, ಇಳಿದೇ ಹಾಕಿಸಬೇಕು. ಆದರೆ ನಿನ್ನೆ ನಡೆದದ್ದರಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಪೆಟ್ರೋಲ್ ಚೆಲ್ಲಿದ್ದಲ್ಲ, ನೀವು ಸೆಲ್ಫ್ ಒತ್ತಿದ್ದು. ಸ್ಟಾರ್ಟರ್ ಮೋಟರ್ ಒಳಗೆ ಬ್ರಷ್‌ಗಳು ತಿರುಗೋ ಕಮ್ಯುಟೇಟರ್‌ಗೆ ಉಜ್ಜುತ್ತವೆ, ಅಲ್ಲಿ ಕಿಡಿ ಇದ್ದೇ ಇರುತ್ತೆ. ರಿಲೇಯಲ್ಲೂ ಇರುತ್ತೆ. ಪ್ಲಗ್ ಕ್ಯಾಪ್ ಹಳೆಯದಾಗಿ ಬಿರುಕು ಬಿಟ್ಟಿದ್ದರೆ ಅದು ಇಂಜಿನ್ ಹೆಡ್‌ಗೆ ಹೊರಗಡೆಯಿಂದಲೇ ಕಿಡಿ ಹಾರಿಸುತ್ತೆ. ಕತ್ತಲಲ್ಲಿ ಸ್ಟಾರ್ಟ್ ಮಾಡಿ ನೋಡಿ, ಹಳೇ ಗಾಡಿಗಳಲ್ಲಿ ನೀಲಿ ಗೆರೆ ಕಣ್ಣಿಗೇ ಕಾಣುತ್ತೆ. ಇವೆಲ್ಲ ಹೆಚ್ಚಾಗಿ ಇರೋದು ಟ್ಯಾಂಕ್, ಸೀಟ್ ಕೆಳಗೆ, ಪೆಟ್ರೋಲ್ ಸುರಿದ ಜಾಗದ ಹತ್ತಿರವೇ.

ಚೆಲ್ಲಿದರೆ ಗಾಡಿ ಸ್ಟಾರ್ಟ್ ಮಾಡಬಾರದು. ಮುಚ್ಚಳ ಹಾಕಿ, ಕೀಲಿ ತೆಗೆದು, ನ್ಯೂಟ್ರಲ್‌ಗೆ ತಂದು, ತಳ್ಳಿಕೊಂಡೇ ಹೋಗಬೇಕು. ಒದ್ದೆ ನೆಲದಿಂದಲೂ ಪಂಪ್‌ನಿಂದಲೂ ದೂರ ನಿಲ್ಲಿಸಿ, ಬಟ್ಟೆಯಿಂದ ಒರೆಸಿ, ಗಾಳಿಗೆ ಬಿಡಬೇಕು. ಪ್ಲಗ್ ಸುತ್ತ ಇರೋ ಗುಳಿಯಲ್ಲಿ, ಇಂಜಿನ್ ರೆಕ್ಕೆಗಳ ಸಂದಿಯಲ್ಲಿ, ಸೀಟ್ ಅಂಚಿನಲ್ಲಿ ನಿಂತಿರುತ್ತೆ, ಬಗ್ಗಿ ನೋಡಬೇಕು. ವಾಸನೆ ಪೂರ್ತಿ ಹೋದ ಮೇಲೆ ಕೀಲಿ.

ಬಿಸಿ ಇಂಜಿನ್ ವಿಷಯ. ಕಿಡಿಯೇ ಇಲ್ಲದೆ ಬರೀ ಶಾಖಕ್ಕೆ ಪೆಟ್ರೋಲ್ ಹತ್ತಿಕೊಳ್ಳಲಿಕ್ಕೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬೇಕು. ಬಯಲಲ್ಲಿ ಅದಕ್ಕಿಂತಲೂ ಜಾಸ್ತಿ ಬೇಕಾಗುತ್ತೆ, ಯಾಕಂದ್ರೆ ಆವಿ ಅಲ್ಲೇ ನಿಲ್ಲದೆ ಚದುರಿಹೋಗುತ್ತೆ. ಇಂಜಿನ್ ರೆಕ್ಕೆಗಳು ಸಾಮಾನ್ಯವಾಗಿ ಅಷ್ಟು ಕಾಯೋದಿಲ್ಲ. ಆದರೆ ಇಂಜಿನ್‌ನಿಂದ ಹೊರಡೋ ಸೈಲೆನ್ಸರ್ ಬೆಂಡ್ ಕಾಯುತ್ತೆ. ಎರಡು ಗಂಟೆ ಓಡಿಸಿ ಬಂದ ಗಾಡಿಯ ಬೆಂಡ್ ಮೇಲೆ ಪೆಟ್ರೋಲ್ ಬಿದ್ದಿದ್ದರೆ ನಾನು ಯಾವ ಭರವಸೆಯನ್ನೂ ಕೊಡೋನಲ್ಲ. ನೀವು ನೋಡಿದ ಬಿಳೀ 'ಹೊಗೆ' ಹೊಗೆಯಲ್ಲ, ಪೆಟ್ರೋಲ್ ಆವಿ. ಅದರ ಮಧ್ಯೆ ಕೂತು ಸೆಲ್ಫ್ ಒತ್ತಿದ್ದೀರಿ.

ದಿನಾ ಎಂಬತ್ತು ಕಿಮೀ

ಒಂಟಿಸವಾರರಿಗೆ ಆದದ್ದಕ್ಕೆ ಬೇಜಾರಿದೆ. ಆದರೆ ಇಳಿಯೋ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ.

ನಾನು ದಿನವೂ ಎಂಬತ್ತು ಕಿಲೋಮೀಟರ್ ಓಡಿಸೋನು, ಮೂರು ದಿನಕ್ಕೊಮ್ಮೆ ಬಂಕ್. ಹದಿನೈದು ವರ್ಷದಲ್ಲಿ ಕೂತೇ ಹಾಕಿಸಿದ್ದೀನಿ, ಒಂದು ಹನಿ ಚೆಲ್ಲಿಲ್ಲ. ನನ್ನ ಬಲ ಮೊಣಕಾಲು ಆಪರೇಷನ್ ಆಗಿದೆ, ಹತ್ತಿ ಇಳಿಯೋದೇ ಒಂದು ಕೆಲಸ. ಹಿಂದೆ ಹತ್ತು ಗಾಡಿ ಸಾಲು ನಿಂತು ಹಾರ್ನ್ ಹೊಡೀತಿರುತ್ತೆ. ಕೂತಿದ್ದರೆ ಗಾಡಿ ನೆಟ್ಟಗಿರುತ್ತೆ, ಟ್ಯಾಂಕ್ ಸರಿಯಾಗಿ ತುಂಬುತ್ತೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಟ್ಯಾಂಕ್ ಎಡಕ್ಕೆ ವಾಲಿ ಚೆಲ್ಲೋ ಸಾಧ್ಯತೆಯೇ ಜಾಸ್ತಿ ಅಲ್ವಾ? ಇಲ್ಲಿ ತಪ್ಪಾಗಿದ್ದು ಮಗು ಅಲ್ಲಾಡಿದ್ದು, ಕಟ್ ಆದ ಮೇಲೂ ಹಾಕಿಸಿದ್ದು. ಕೂತಿದ್ದು ಅಲ್ಲ.

ನಾಜಲ್ ಹಿಡಿದವನು

ಹನ್ನೊಂದು ವರ್ಷ ಬಂಕ್‌ನಲ್ಲಿ ಕೆಲಸ ಮಾಡಿದ್ದೀನಿ. ಈಗ ಬಿಟ್ಟಿದ್ದೀನಿ, ಆದರೆ ಈ ವಿಷಯ ಬಂದರೆ ಸುಮ್ಮನಿರಲಿಕ್ಕೆ ಆಗೋದಿಲ್ಲ.

ಎಂಬತ್ತು ಕಿಮೀ ಅಣ್ಣ, ನಿಮ್ಮ ಹದಿನೈದು ವರ್ಷವನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ನೀವು ನೋಡಿರೋದು ನಿಮ್ಮ ಒಂದು ಟ್ಯಾಂಕ್, ನಾನು ನೋಡಿರೋದು ದಿನಕ್ಕೆ ನೂರಾರು. ಚೆಲ್ಲದ ದಿನವೇ ಇರ್ತಿರಲಿಲ್ಲ. ಕಾರಿಗೆ ಹಾಕುವಾಗ ಚೆಲ್ಲೋದು ಅಪರೂಪ. ಚೆಲ್ಲಿದರೂ ಕಾರಿನ ಪಕ್ಕಕ್ಕೆ ಬಿದ್ದು ನೆಲಕ್ಕಿಳಿಯುತ್ತೆ. ಬೈಕ್‌ನಲ್ಲಿ ಟ್ಯಾಂಕ್ ಇರೋದೇ ಇಂಜಿನ್ ಮೇಲೆ, ಮನುಷ್ಯ ಕೂತಿರೋದು ಟ್ಯಾಂಕ್‌ಗೆ ಅಂಟಿಕೊಂಡು. ಚೆಲ್ಲಿದ್ದಕ್ಕೆ ಹೋಗಲು ಬೇರೆ ದಾರಿಯೇ ಇಲ್ಲ.

ನಾಜಲ್ ತಾನಾಗಿ ಹೇಗೆ ಕಟ್ ಆಗುತ್ತೆ ಅಂತ ತಿಳಿದರೆ ಇದು ಅರ್ಥ ಆಗುತ್ತೆ. ನಾಜಲ್ ಕೊಳವೆಯ ತುದಿ ಹತ್ತಿರ ಒಂದು ಪುಟ್ಟ ತೂತು ಇದೆ. ಪೆಟ್ರೋಲ್ ಹರೀತಿರುವಾಗ ಆ ತೂತಿನಿಂದ ಗಾಳಿ ಒಳಗೆ ಎಳೀತಾ ಇರುತ್ತೆ. ಮಟ್ಟ ಏರಿ ತೂತು ಮುಳುಗಿದ ಕೂಡಲೇ ಗಾಳಿ ನಿಲ್ಲುತ್ತೆ, ಒಳಗೆ ನಿರ್ವಾತ ಆಗಿ ಡಯಾಫ್ರಾಮ್ ಅನ್ನೋ ಒಂದು ತೆಳು ಪೊರೆ ಎಳೆದು ಲಿವರ್‌ನ ಹಿಡಿತ ತಪ್ಪಿಸುತ್ತೆ. ಕರೆಂಟ್ ಇಲ್ಲ, ಸೆನ್ಸರ್ ಇಲ್ಲ, ಬರೀ ಗಾಳಿಯ ಆಟ. ಕಾರಿನ ಉದ್ದ ಕೊಳವೆಯಲ್ಲಿ ನಾಜಲ್ ಪೂರ್ತಿ ಒಳಗೆ ಕೂರುತ್ತೆ, ಲೆಕ್ಕ ಸರಿಹೋಗುತ್ತೆ. ಬೈಕ್ ಟ್ಯಾಂಕ್ ಆಳ ಇಲ್ಲ. ನಾಜಲ್ ಪೂರ್ತಿ ಇಳಿಸಿದರೆ ನೊರೆ ಚಿಮ್ಮಿ ಬೇಗ ಕಟ್ ಆಗುತ್ತೆ, ಎತ್ತಿ ಹಿಡಿದರೆ ತೂತು ಮುಳುಗೋದು ತುಂಬಿ ಹರಿಯೋ ಹೊತ್ತಿಗೆ. ಆದ್ದರಿಂದ ಬೈಕ್‌ಗೆ ಹಾಕುವಾಗ ಕಟ್ ಆಗುತ್ತೆ ಅಂತ ನಂಬೋ ಹಾಗೇ ಇಲ್ಲ. ಕಣ್ಣಿಟ್ಟು, ಕೈಯಲ್ಲೇ ಲಿವರ್ ಹಿಡಿದು, ಕೊನೆಗೆ ನಿಧಾನ ಬಿಡಬೇಕು. ನೀವೇ ಹಾಕಿಕೊಳ್ಳೋ ಬಂಕ್‌ಗಳಲ್ಲಿ ಲಿವರ್ ಸಿಕ್ಕಿಸೋ ಕೊಂಡಿ ಇರುತ್ತಲ್ಲ, ಬೈಕ್‌ಗೆ ಅದನ್ನು ಮುಟ್ಟಲೇಬೇಡಿ.

ಈಗ ಕೂತವರ ವಿಷಯ. ನೀವು ಕೂತಿದ್ದರೆ ನಾನು ನಾಜಲ್ ಹಿಡಿಯೋದು ಓರೆಯಾಗಿ, ನಿಮ್ಮ ಹೊಟ್ಟೆ ಹ್ಯಾಂಡಲ್ ಮಧ್ಯೆ ಕೈ ತೂರಿಸಿ. ಟ್ಯಾಂಕ್ ಒಳಗಿನ ಮಟ್ಟ ನನಗೆ ಕಾಣೋದಿಲ್ಲ, ನೀವು ಬಗ್ಗಿ ನೋಡಿದರೆ ನಿಮ್ಮ ಹೆಲ್ಮೆಟ್ ಅಡ್ಡ ಬರುತ್ತೆ. ನೀವು ಜೇಬಿಗೆ ಕೈ ಹಾಕಲಿಕ್ಕೆ ಒಂದು ಕಾಲೆತ್ತಿದರೆ ಗಾಡಿ ವಾಲುತ್ತೆ. ಇಳಿದು ಪಕ್ಕಕ್ಕೆ ನಿಂತವರ ಗಾಡಿಗೆ ಹಾಕುವಾಗ ನನ್ನ ಕೈಯಿಂದ ಚೆಲ್ಲಿದ್ದು ಬಹಳ ಕಡಿಮೆ.

ಸೈಡ್ ಸ್ಟ್ಯಾಂಡ್‌ನಲ್ಲಿ ಚೆಲ್ಲುತ್ತೆ ಅನ್ನೋದು ಬಾಯಿಮಟ್ಟ ತುಂಬಿಸಿದರೆ ಮಾತ್ರ ನಿಜ. ಸೆಂಟರ್ ಸ್ಟ್ಯಾಂಡ್ ಇದ್ದರೆ ಅದೇ ಉತ್ತಮ. ಮೊಣಕಾಲು ನೋವಿದ್ದವರು ಸೈಡ್ ಸ್ಟ್ಯಾಂಡ್ ಹಾಕಿ ಇಳಿಯಲಿ, ಸ್ವಲ್ಪ ಕಮ್ಮಿ ಹಾಕಿಸಲಿ, ಸಾಕು. ಹಾರ್ನ್ ಹೊಡೆಯೋರು ಹೊಡೀಲಿ, ಕಾಯ್ತಾರೆ.

ಒಂಟಿಸವಾರ

ನಾಜಲ್ ಹಿಡಿದವರೇ, ಇದನ್ನ ಓದಿ ನಿನ್ನೆಯ ಹುಡುಗನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯ್ತು. ಅವನು 'ಸ್ಟಾರ್ಟ್ ಮಾಡಬೇಡಿ' ಅಂತಲೇ ಕೂಗಿರಬೇಕು.

ಲ್ಯಾಬ್ ಮೇಷ್ಟ್ರು

ಭೌತಶಾಸ್ತ್ರ ಪಾಠ ಮಾಡೋನು. ಎಲ್ಲರೂ ಪೆಟ್ರೋಲ್ ಪೆಟ್ರೋಲ್ ಅಂತಿದ್ದೀರಿ. ಉರಿಯೋದು ಪೆಟ್ರೋಲ್ ಅಲ್ಲ, ಅದರ ಆವಿ. ಈ ಒಂದು ಮಾತು ತಲೆಯಲ್ಲಿ ಕೂತರೆ ಬಂಕ್‌ನ ಎಲ್ಲ ನಿಯಮಗಳೂ ತಾವಾಗಿ ಅರ್ಥ ಆಗ್ತವೆ.

ಪೆಟ್ರೋಲ್‌ನ ಫ್ಲ್ಯಾಶ್ ಪಾಯಿಂಟ್, ಅಂದ್ರೆ ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ಏಳೋ ಕನಿಷ್ಠ ಉಷ್ಣತೆ, ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹಿಮ ಬೀಳೋ ಜಾಗದಲ್ಲೂ ಅದರ ಮೇಲೆ ಹತ್ತಿಕೊಳ್ಳುವಷ್ಟು ಆವಿ ಇದ್ದೇ ಇರುತ್ತೆ. ಗಾಳಿಯಲ್ಲಿ ಈ ಆವಿ ಸುಮಾರು 1.4 ರಿಂದ 7.6 ಪ್ರತಿಶತದವರೆಗೆ ಬೆರೆತಾಗ ಮಾತ್ರ ಉರಿಯುತ್ತೆ. ಅದಕ್ಕಿಂತ ಕಡಿಮೆಯಾದರೆ ಸಾಲದು, ಹೆಚ್ಚಾದರೆ ಉಸಿರುಕಟ್ಟಿದ ಹಾಗೆ ಹತ್ತೋದಿಲ್ಲ. ಮುಚ್ಚಿದ ಟ್ಯಾಂಕ್ ಒಳಗೆ ಆವಿ ಎಷ್ಟು ದಟ್ಟ ಅಂದ್ರೆ ಅಲ್ಲಿ ಸಾಮಾನ್ಯವಾಗಿ ಬೆಂಕಿ ಹಿಡಿಯೋದೇ ಇಲ್ಲ. ಅಪಾಯದ ಜಾಗ ಟ್ಯಾಂಕ್ ಬಾಯಿ. ಅಲ್ಲಿ ದಟ್ಟ ಆವಿ ಹೊರಗಿನ ಗಾಳಿಗೆ ಬೆರೆಯುತ್ತೆ. ನೀವು ಟ್ಯಾಂಕ್‌ಗೆ ಎಷ್ಟು ಲೀಟರ್ ಹಾಕ್ತೀರೋ ಹೆಚ್ಚುಕಡಿಮೆ ಅಷ್ಟೇ ಲೀಟರ್ ಆವಿ ಒಳಗಿನಿಂದ ತಳ್ಳಿಕೊಂಡು ಹೊರಗೆ ಬರುತ್ತೆ. ಕೂತು ಹಾಕಿಸೋರ ಮಡಿಲಿಗೇ ಬರುತ್ತೆ.

ಇನ್ನೊಂದು, ಈ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗೋದಿಲ್ಲ, ಟ್ಯಾಂಕ್‌ನಿಂದ ಇಳಿದು ನೆಲದ ಮೇಲೆ ನೀರಿನ ಹಾಗೆ ಹರಡುತ್ತೆ, ತಗ್ಗಿದ್ದ ಕಡೆ ನಿಲ್ಲುತ್ತೆ. ಪಕ್ಕದಲ್ಲಿ ಯಾರೋ ಇಂಜಿನ್ ಓಡಿಸಿಕೊಂಡೇ ನಿಂತಿದ್ದರೆ ಅದು ಅವರ ಸೈಲೆನ್ಸರ್ ಮಟ್ಟದಲ್ಲೇ ಹೋಗೋದು. ಮಕ್ಕಳ ಮೂಗೂ ದೊಡ್ಡವರಿಗಿಂತ ನೆಲಕ್ಕೆ ಹತ್ತಿರ. ಮಗುವನ್ನು ಮೊದಲು ಇಳಿಸಿ ದೂರ ನಿಲ್ಲಿಸಿ ಅನ್ನೋದು ಇದಕ್ಕೇ.

ದಿನಾ ಎಂಬತ್ತು ಕಿಮೀ

ಮೇಷ್ಟ್ರೇ, ಹಾಗಾದರೆ ಮೊಬೈಲ್? ಬಂಕ್‌ಗಳಲ್ಲೆಲ್ಲ ಬೋರ್ಡ್ ಇದೆ, ಮತ್ತೆ ಹಣ ಕೊಡೋದು ಅದರಲ್ಲೇ. ಇದರಲ್ಲಿ ಯಾವುದು ನಿಜ?

ಲ್ಯಾಬ್ ಮೇಷ್ಟ್ರು

ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು. ಮೊಬೈಲ್‌ನ ರೇಡಿಯೋ ಅಲೆಯಿಂದ ಬಂಕ್‌ನಲ್ಲಿ ಬೆಂಕಿ ಹತ್ತಿತು ಅನ್ನೋ ಸುದ್ದಿಗಳು ಬಹಳ ಓಡಾಡಿವೆ. ಅಮೆರಿಕದ ಪೆಟ್ರೋಲಿಯಂ ಎಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಸ್ಥೆ ಪೆಟ್ರೋಲ್ ತುಂಬುವಾಗಿನ ಬೆಂಕಿಗಳ ವರದಿಗಳನ್ನು ವರ್ಷಗಟ್ಟಲೆ ಕಲೆಹಾಕಿ ನೋಡಿತು. ಮೊಬೈಲ್ ಕಾರಣ ಅಂತ ಸಾಬೀತಾದದ್ದು ಒಂದೂ ಸಿಗಲಿಲ್ಲ. ಅವರಿಗೆ ಮತ್ತೆ ಮತ್ತೆ ಸಿಕ್ಕಿದ್ದು ಸ್ಥಿರ ವಿದ್ಯುತ್. ನಾಜಲ್ ಸಿಕ್ಕಿಸಿ, ಕಾರಿನೊಳಗೆ ಹೋಗಿ ಕೂತು, ಮತ್ತೆ ಎದ್ದು ಬಂದು ನಾಜಲ್ ಮುಟ್ಟಿದವರ ಕೈಯಿಂದ ಹಾರಿದ ಕಿಡಿ.

ಲೆಕ್ಕ ನೋಡಿ. ಪೆಟ್ರೋಲ್ ಆವಿ ಹತ್ತಲಿಕ್ಕೆ ಬೇಕಾದ ಶಕ್ತಿ ಒಂದು ಮಿಲಿಜೌಲ್‌ನ ಕಾಲು ಭಾಗದಷ್ಟು. ಒಣ ಹವೆಯಲ್ಲಿ ಸಿಂಥೆಟಿಕ್ ಬಟ್ಟೆ ಹಾಕಿ ಸೀಟಿನಿಂದ ಜಾರಿ ಇಳಿದರೆ ಮೈಮೇಲೆ ಐದು ಸಾವಿರ ವೋಲ್ಟ್ ಕೂಡಿಕೊಳ್ಳೋದು ದೊಡ್ಡ ಮಾತಲ್ಲ. ಮನುಷ್ಯನ ಮೈ ಹಿಡಿದಿಡಬಲ್ಲ ವಿದ್ಯುದಂಶದ ಲೆಕ್ಕ ಹಾಕಿದರೆ ಅದು ಸುಮಾರು ಎರಡು ಮಿಲಿಜೌಲ್. ಬೇಕಾದ್ದಕ್ಕಿಂತ ಏಳೆಂಟು ಪಟ್ಟು. ಬಾಗಿಲ ಹಿಡಿ ಮುಟ್ಟಿದಾಗ ಬೆರಳಿಗೆ ಚುರುಕ್ ಅನ್ನುತ್ತಲ್ಲ, ಅದೇ ಕಿಡಿ ಸಾಕು.

ಹಾಗಂತ ಮೊಬೈಲ್ ಹಿಡಿದು ನಿಲ್ಲಿ ಅಂತಲ್ಲ. ಸಾಮಾನ್ಯ ಫೋನ್‌ಗಳು ಸುಡುವ ಆವಿ ಇರೋ ಜಾಗಕ್ಕೆ ಅಂತ ಪರೀಕ್ಷೆ ಆದವಲ್ಲ. ಬಿದ್ದು ಬ್ಯಾಟರಿಗೆ ಪೆಟ್ಟಾದರೆ ಕಿಡಿ ಬರಬಹುದು. ಅದಕ್ಕಿಂತ ದೊಡ್ಡದು ಗಮನ. ನಾಜಲ್ ಹಿಡಿದವರು ಹೇಳಿದ ಹಾಗೆ ಬೈಕ್ ಟ್ಯಾಂಕ್‌ಗೆ ಕಣ್ಣಿಡಬೇಕು, ಫೋನ್ ಹಿಡಿದವನ ಕಣ್ಣು ಅಲ್ಲಿರೋದಿಲ್ಲ. ಮುಚ್ಚಳ ಹಾಕಿದ ಮೇಲೆ, ನಾಲ್ಕು ಹೆಜ್ಜೆ ಆಚೆ ಹೋಗಿ ಹಣ ಕೊಡಿ.

ದಿನಾ ಎಂಬತ್ತು ಕಿಮೀ

ನೀವೇ ಹೇಳಿದಿರಿ, ಸೀಟಿನಿಂದ ಜಾರಿ ಇಳಿದರೆ ಮೈಯಲ್ಲಿ ವಿದ್ಯುತ್ ಕೂಡುತ್ತೆ ಅಂತ. ಹಾಗಾದರೆ ಇಳಿಯೋದೇ ಅಪಾಯ ಆಯ್ತಲ್ಲ? ಕೂತೇ ಇದ್ದರೆ ಆ ಸಮಸ್ಯೆಯೇ ಇಲ್ಲ. ಇದು ವಾದಕ್ಕಲ್ಲ, ನಿಜವಾಗಿ ಕೇಳ್ತಿದ್ದೀನಿ.

ಲ್ಯಾಬ್ ಮೇಷ್ಟ್ರು

ಒಳ್ಳೇ ಪ್ರಶ್ನೆ, ತರಗತಿಯಲ್ಲಿ ಯಾರೂ ಕೇಳದ್ದು.

ಇಳಿಯೋದು ಯಾವಾಗ ಅನ್ನೋದೇ ಇಲ್ಲಿ ಮುಖ್ಯ. ಮುಚ್ಚಳ ಮುಚ್ಚಿದ್ದಾಗಲೇ ಇಳಿಯಬೇಕು. ಇಳಿದ ಮೇಲೆ ಗಾಡಿಯ ಬಣ್ಣವಿಲ್ಲದ ಲೋಹವನ್ನು, ಹ್ಯಾಂಡಲ್ ಕ್ಲಾಂಪೋ ಫುಟ್‌ರೆಸ್ಟ್ ಬ್ರಾಕೆಟೋ ಯಾವುದಾದರೂ ಸರಿ, ಬರಿಗೈಯಲ್ಲಿ ಮುಟ್ಟಬೇಕು. ಕಿಡಿ ಹಾರೋದಿದ್ದರೆ ಅಲ್ಲೇ ಹಾರಿಹೋಗುತ್ತೆ, ಆವಿ ಇಲ್ಲದ ಜಾಗದಲ್ಲಿ. ಆಮೇಲೆ ಮುಚ್ಚಳ ತೆರೀಬೇಕು. ಹಾಕಿಸಿ ಮುಗಿದು ಮುಚ್ಚಳ ಕೂತ ಮೇಲೆಯೇ ಮತ್ತೆ ಹತ್ತಬೇಕು. ಮಧ್ಯದಲ್ಲಿ ಹತ್ತಿ ಇಳಿಯೋದು, ಜಾಕೆಟ್ ಬಿಚ್ಚೋದು ಬೇಡ. ಟ್ಯಾಂಕ್ ಬ್ಯಾಗ್ ಇದ್ದರೆ ಅದನ್ನೂ ಮೊದಲೇ ತೆಗೆದಿಡಿ. ಟ್ಯಾಂಕ್ ಬಾಯಿ ಪಕ್ಕದಲ್ಲೇ ನೈಲಾನ್ ಎಳೆದಾಡೋದು ಒಳ್ಳೇದಲ್ಲ. ನಾಜಲ್ ತುಂಬುವಷ್ಟು ಹೊತ್ತೂ ಟ್ಯಾಂಕ್ ಬಾಯಿಯ ಲೋಹಕ್ಕೆ ತಾಗಿರಬೇಕು, ಆಗ ಎರಡರ ಮಧ್ಯೆ ವೋಲ್ಟೇಜ್ ವ್ಯತ್ಯಾಸ ಹುಟ್ಟೋದಿಲ್ಲ.

ಕೂತವನ ಮೈ ಸೀಟಿಗೆ ಉಜ್ಜೋದು ನಿಲ್ಲೋದಿಲ್ಲ, ಅಲ್ಲಾಡ್ತಾನೇ ಇರ್ತಾನೆ. ಅದಕ್ಕಿಂತ, ಹತ್ತಿಕೊಂಡರೆ ಅವನು ಎಲ್ಲಿರ್ತಾನೆ ಅನ್ನೋದನ್ನು ಯೋಚಿಸಿ. ಎರಡು ಕಾಲ ಮಧ್ಯೆ ಬೆಂಕಿ, ಕೆಳಗೆ ನೂರೈವತ್ತು ಕೆಜಿ ಗಾಡಿ. ಬಿಟ್ಟು ಎದ್ದರೆ ಗಾಡಿ ಬಿದ್ದು ತೆರೆದ ಟ್ಯಾಂಕ್ ಚೆಲ್ಲುತ್ತೆ, ಹಿಡಿದರೆ ಸುಡುತ್ತೆ. ಹಿಂದೆ ಕೂತವರಿಗಂತೂ ಮುಂದಿನವರು ಏಳೋವರೆಗೆ ಇಳಿಯೋದೂ ಕಷ್ಟ.

ದಿನಾ ಎಂಬತ್ತು ಕಿಮೀ

ಒಪ್ಪಿದೆ. ಹಿಂದೆ ಕೂತವರ ವಿಷಯ ನಾನು ಯೋಚಿಸಿರಲಿಲ್ಲ. ನನ್ನ ಹೆಂಡತಿ ದಿನಾ ಹಿಂದೆ ಇರ್ತಾಳೆ.

ಸ್ಕೂಟರ್ ಅಕ್ಕ

ಬೈಕ್‌ನೋರು ಇಳಿಯೋದಾ ಬೇಡವಾ ಅಂತ ಮಾತಾಡ್ತಿದ್ದೀರಿ, ನಮಗೆ ಸೀಟ್ ಎತ್ತಬೇಕು, ಇಳಿಯಲೇಬೇಕು. ಅದಕ್ಕೇ ಸ್ಕೂಟರ್ ಸುರಕ್ಷಿತ ಅಂದುಕೊಂಡಿದ್ದೆ. ಒಮ್ಮೆ ಸೀಟ್ ಎತ್ತಿ ಹಾಕಿಸುವಾಗ ಹರಿದದ್ದು ಡಿಕ್ಕಿಗೆ ಇಳಿಯಿತು. ಅಲ್ಲಿ ಬಟ್ಟೆ ಚೀಲ, ಚಾರ್ಜರ್, ಮಳೆ ಕೋಟು ಎಲ್ಲ ಇತ್ತು. ಸೀಟ್ ಹಾಕಿಬಿಟ್ಟರೆ ಆ ಆವಿ ಮುಚ್ಚಿದ ಪೆಟ್ಟಿಗೆಯೊಳಗೆ, ಕೆಳಗೇ ಇಂಜಿನ್ ಅಂತ ಆಮೇಲೆ ಹೊಳೀತು. ಸೀಟ್ ತೆರೆದಿಟ್ಟು, ಸಾಮಾನೆಲ್ಲ ತೆಗೆದು ಒರೆಸಿ, ತುಂಬ ಹೊತ್ತು ಬಿಟ್ಟು ಹೊರಟೆ.

ಈಗಿನ ಹಲವು ಸ್ಕೂಟರ್‌ಗಳಲ್ಲಿ ಪೆಟ್ರೋಲ್ ಬಾಯಿ ಹೊರಗಡೆ ಇರುತ್ತೆ, ಕೂತೇ ಹಾಕಿಸಬಹುದು. ಅದು ಅನುಕೂಲ ಅಂತ ಮಾಡಿದ್ದು, ಆದರೆ ನನಗೆ ಈಗ ಅನ್ನಿಸ್ತಿದೆ, ಹಳೇದೇ ಒಳ್ಳೇದಿತ್ತು ಅಂತ. ಇಳಿಯೋ ಹಾಗೆ ಮಾಡ್ತಿತ್ತಲ್ಲ.

ಸ್ಪ್ಯಾನರ್‌ಕೈ

ಅಕ್ಕ, ಬಹಳ ಸರಿಯಾದ ಮಾತು. ಬೈಕ್ ಟ್ಯಾಂಕ್ ಮುಚ್ಚಳಕ್ಕೆ ಇಗ್ನಿಷನ್ ಕೀಲಿಯನ್ನೇ ಇಟ್ಟಿರೋದರಲ್ಲೂ ಅಂಥದೇ ಒಂದು ಅನುಕೂಲ ಇದೆ. ಕೀಲಿ ತೆಗೆಯದೆ ಟ್ಯಾಂಕ್ ತೆರೆಯೋ ಹಾಗಿಲ್ಲ, ಇಂಜಿನ್ ಲೈಟು ಎಲ್ಲ ತಾನಾಗಿ ಆಫ್. ಕೀಲಿ ಇಲ್ಲದ ಹೊಸ ಗಾಡಿಗಳಲ್ಲಿ, ಬೇರೆ ಮುಚ್ಚಳ ಹಾಕಿಸಿಕೊಂಡ ಹಳೇ ಗಾಡಿಗಳಲ್ಲಿ ಆ ರಕ್ಷಣೆ ಹೋಗುತ್ತೆ. ಬರೀ ಕಿಲ್ ಸ್ವಿಚ್ ಒತ್ತಿದರೆ ಇಂಜಿನ್ ನಿಲ್ಲುತ್ತೆ, ಹಲವು ಗಾಡಿಗಳಲ್ಲಿ ಹೆಡ್‌ಲೈಟ್ ಉರೀತಾನೇ ಇರುತ್ತೆ. ಪೂರ್ತಿ ಆಫ್ ಮಾಡಿ.

ಬಾಯಿಮಟ್ಟ ತುಂಬಿಸೋರಿಗೆ ಒಂದು ಮಾತು. ಟ್ಯಾಂಕ್ ಬಾಯೊಳಗೆ ಕೆಳಕ್ಕೆ ಇಳಿದ ಒಂದು ಲೋಹದ ಕತ್ತು ಕಾಣುತ್ತೆ. ಪೆಟ್ರೋಲ್ ಅದರ ಕೆಳ ಅಂಚಿಗೆ ಬಂದರೆ ಅದೇ ಫುಲ್. ಮೇಲಿನ ಖಾಲಿ ಜಾಗ ಬೇಕಂತಲೇ ಬಿಟ್ಟದ್ದು. ಪೆಟ್ರೋಲ್ ಕಾದರೆ ಹಿಗ್ಗುತ್ತೆ, ಪ್ರತಿ ಡಿಗ್ರಿಗೆ ಸಾವಿರದಲ್ಲಿ ಒಂದು ಭಾಗದಷ್ಟು. ನೆಲದಡಿಯ ತೊಟ್ಟಿಯಿಂದ ತಣ್ಣಗೆ ಬಂದ 12 ಲೀಟರ್ ಪೆಟ್ರೋಲ್ ಬಿಸಿಲಲ್ಲಿ ನಿಂತು 20 ಡಿಗ್ರಿ ಕಾದರೆ ಕಾಲು ಲೀಟರ್ ಹತ್ತಿರ ಹೆಚ್ಚಾಗುತ್ತೆ. ಅದು ಎಲ್ಲಿಗೆ ಹೋಗಬೇಕು? ಮುಚ್ಚಳದ ಉಸಿರುಗೊಳವೆಯಿಂದ ಹೊರಗೆ. ಹೊಸ ಗಾಡಿಗಳಲ್ಲಿ ಆವಿ ಹಿಡಿಯೋ ಇದ್ದಿಲಿನ ಡಬ್ಬಿ ಇರುತ್ತೆ, ಅದಕ್ಕೆ ಆವಿಯ ಬದಲು ಪೆಟ್ರೋಲೇ ನುಗ್ಗಿದರೆ ಅದು ಕೆಡುತ್ತೆ, ಗಾಡಿ ಸ್ಟಾರ್ಟಿಂಗ್ ತೊಂದರೆ ಕೊಡುತ್ತೆ. ಗಾಡಿ ಅಲ್ಲಾಡಿಸಿ ಗುಳ್ಳೆ ಬಿಡಿಸಿ ಇನ್ನೂ ಅರ್ಧ ಲೋಟ ಹಿಡಿಸೋದು ಇದೆಯಲ್ಲ, ಅದನ್ನ ನಿಲ್ಲಿಸಿ.

ಆದರೆ ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದರೆ ಸ್ಫೋಟ ಆಗುತ್ತೆ ಅಂತ ಪ್ರತಿ ವರ್ಷ ಬರೋ ಮೆಸೇಜ್ ಸುಳ್ಳು. ಹೆಚ್ಚಾದದ್ದು ಒಸರುತ್ತೆ, ಸ್ಫೋಟಿಸೋದಿಲ್ಲ. ಒಸರಿದ್ದು ಬಿಸಿ ಇಂಜಿನ್ ಮೇಲೆ ಬೀಳೋದು ಮಾತ್ರ ನಿಜವಾದ ತೊಂದರೆ.

ಹಳೇ ಕಾರ್ಬುರೇಟರ್

ಹಳೇ ಗಾಡಿ ಇಟ್ಟವರಿಗೆ ಒಂದೇ ಮಾತು. ಬಂಕ್‌ಗೆ ಬಂದಾಗ ಪೆಟ್ರೋಲ್ ಕಾಕ್ ಆಫ್ ಮಾಡಿ. ಕಾರ್ಬುರೇಟರ್‌ನ ಫ್ಲೋಟ್ ಸೂಜಿ (ಒಳಗೆ ಬರೋ ಪೆಟ್ರೋಲ್ ತಡೆಯೋ ಸಣ್ಣ ವಾಲ್ವ್) ಸವೆದಿದ್ದರೆ ತುಂಬಿದ ಟ್ಯಾಂಕ್‌ನ ಒತ್ತಡಕ್ಕೆ ಓವರ್‌ಫ್ಲೋ ಆಗಿ ಕೆಳಗೆ ಹನಿಕ್ಕುತ್ತೆ. ಮೇಲೆ ಏನೂ ಚೆಲ್ಲಿರೋದಿಲ್ಲ, ನೆಲ ಮಾತ್ರ ಒದ್ದೆ.

ಒಂಟಿಸವಾರ

ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹತ್ತಿಕೊಂಡಿದ್ದರೆ?

ನಾಜಲ್ ಹಿಡಿದವನು

ನಮಗೆ ಹೇಳಿಕೊಟ್ಟದ್ದು ಹೇಳ್ತೀನಿ. ತುಂಬುವಾಗ ಟ್ಯಾಂಕ್ ಬಾಯಲ್ಲಿ ಬೆಂಕಿ ಕಂಡರೆ ನಾಜಲ್ ಹೊರಗೆ ಎಳೆಯಬಾರದು. ಎಲ್ಲರಿಗೂ ಮೊದಲು ಅನ್ನಿಸೋದೇ ಎಳೀಬೇಕು ಅಂತ. ಎಳೆದರೆ ಉರಿಯೋ ಪೆಟ್ರೋಲ್ ಪಿಚಕಾರಿ ಹೊಡೆದ ಹಾಗೆ ಸುತ್ತಲೂ ಹಾರುತ್ತೆ. ಟ್ಯಾಂಕ್ ಬಾಯಲ್ಲಿರೋ ಬೆಂಕಿ ದೀಪದ ಹಾಗೆ ಅಲ್ಲೇ ಉರಿಯುತ್ತೆ, ಒಂದೆರಡು ಕ್ಷಣ ಕಾಲಾವಕಾಶ ಕೊಡುತ್ತೆ. ಲಿವರ್ ಬಿಟ್ಟು, ನಾಜಲ್ ಇದ್ದಲ್ಲೇ ಬಿಟ್ಟು, ಕೂಗಿಕೊಂಡು ದೂರ ಸರೀಬೇಕು. ಬಂಕ್‌ನಲ್ಲಿ ಎಲ್ಲ ಪಂಪ್‌ಗಳನ್ನು ಒಟ್ಟಿಗೆ ನಿಲ್ಲಿಸೋ ಕೆಂಪು ತುರ್ತು ಗುಂಡಿ ಇರುತ್ತೆ. ಅದನ್ನು ಒತ್ತಬೇಕು ಅಥವಾ ಒತ್ತಿ ಅಂತ ಕೂಗಬೇಕು. ಆಮೇಲೆ ಒಣ ಪುಡಿಯ ಅಗ್ನಿಶಾಮಕ, ಬೆಂಕಿಯ ಬುಡಕ್ಕೆ, ಗಾಳಿ ಬರೋ ಕಡೆಯಿಂದ ನಿಂತು. ನೆಲದ ಮೇಲಿನದಕ್ಕೆ ಮರಳು. ನೀರು ಮಾತ್ರ ಬೇಡವೇ ಬೇಡ. ಪೆಟ್ರೋಲ್ ನೀರಿನ ಮೇಲೆ ತೇಲುತ್ತೆ, ನೀರು ಹರಿದ ಕಡೆಯೆಲ್ಲ ಬೆಂಕಿಯೂ ಹರಿಯುತ್ತೆ.

ಗಾಡಿ ಉಳಿಸಲಿಕ್ಕೆ ಅಂತ ಉರಿಯೋ ಗಾಡಿಯನ್ನು ತಳ್ಳೋರನ್ನು ಕಂಡಿದ್ದೀನಿ. ದಯವಿಟ್ಟು ಬೇಡ. ಇಂಥದಕ್ಕೆ ಬಂಕ್‌ನೋರಿಗೆ ತರಬೇತಿ ಇರುತ್ತೆ, ನಿಮಗಿಲ್ಲ.

ರಾತ್ರಿಪಾಳಿ ನರ್ಸ್

ಡ್ಯೂಟಿ ಮುಗಿಸಿ ಬಂದು ಇದನ್ನೆಲ್ಲ ಓದಿದೆ. ಸುಟ್ಟಗಾಯದ ವಾರ್ಡ್‌ನಲ್ಲಿ ಕೆಲಸ ಮಾಡಿದ್ದೀನಿ, ಅದಕ್ಕೇ ಬರೀತಿದ್ದೀನಿ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದರೆ ಗಾಳಿ ಸಿಕ್ಕಿ ಉರಿ ಹೆಚ್ಚುತ್ತೆ. ಅಲ್ಲೇ ನೆಲಕ್ಕೆ ಬಿದ್ದು ಮುಖ ಮುಚ್ಚಿಕೊಂಡು ಹೊರಳಬೇಕು. ಬೇರೆಯವರು ದಪ್ಪ ಹತ್ತಿ ಬಟ್ಟೆ ಹೊದಿಸಿ ಅದುಮಬಹುದು. ಬೆಂಕಿ ಆರಿದ ಮೇಲೆ ಸುಟ್ಟ ಜಾಗಕ್ಕೆ ಹರಿಯೋ ತಣ್ಣೀರು, 20 ನಿಮಿಷ, ಗಡಿಯಾರ ನೋಡಿಕೊಂಡು. ಐಸ್ ಬೇಡ, ಎಣ್ಣೆ ಬೇಡ, ಪೇಸ್ಟ್ ಬೇಡ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ. ಉಂಗುರ, ಗಡಿಯಾರ ಊತ ಬರೋ ಮುಂಚೆ ತೆಗೆಯಿರಿ.

ಒಂಟಿಸವಾರ ಅವರೇ, ನಿಮ್ಮ ತೊಡೆಯ ಉರಿಗೆ ಕಾರಣ ಪೆಟ್ರೋಲ್ ಚರ್ಮದ ಜಿಡ್ಡನ್ನು ಎಳೆದುಬಿಡೋದು. ನೆಂದ ಬಟ್ಟೆ ಒತ್ತಿಕೊಂಡು ಹೆಚ್ಚು ಹೊತ್ತು ಇದ್ದರೆ ಬೆಂಕಿ ಇಲ್ಲದೆಯೂ ಚರ್ಮ ಸುಟ್ಟ ಹಾಗೆ ಆಗುತ್ತೆ. ನೀವು ಅದೇ ಪ್ಯಾಂಟಿನಲ್ಲಿ ಮನೆವರೆಗೆ ಬಂದಿರಿ. ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಗುಳ್ಳೆ ಎದ್ದರೆ ಆಸ್ಪತ್ರೆಗೆ ಹೋಗಿ. ಇನ್ನು ಮುಂದೆ ಯಾರಿಗಾದರೂ ಹೀಗೆ ಮೈಮೇಲೆ ಬಿದ್ದರೆ ಬಟ್ಟೆಯನ್ನು ಮೊದಲು ನೀರಿನಿಂದ ಪೂರ್ತಿ ತೋಯಿಸಿ, ಆಮೇಲೆ ಬಿಚ್ಚಿ. ಒಣ ಬಟ್ಟೆ ಎಳೆದು ಬಿಚ್ಚುವಾಗಲೇ ಮೇಷ್ಟ್ರು ಹೇಳಿದ ಕಿಡಿ ಹುಟ್ಟೋದು. ಕಣ್ಣಿಗೆ ಹಾರಿದರೆ ರೆಪ್ಪೆ ತೆರೆದು 15 ನಿಮಿಷ ನೀರು ಬಿಡಿ.

ಇನ್ನೊಂದು, ಹೆಚ್ಚಾದ ಪೆಟ್ರೋಲ್ ತೆಗೆಯಲಿಕ್ಕೆ ಪೈಪ್ ಹಾಕಿ ಬಾಯಲ್ಲಿ ಎಳೆಯೋರಿದ್ದಾರೆ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತೆ. ನುಂಗಿದವರಿಗೆ ವಾಂತಿ ಮಾಡಿಸಬೇಡಿ, ಬರುವಾಗ ಮತ್ತೆ ಶ್ವಾಸಕೋಶಕ್ಕೇ ಇಳಿಯುತ್ತೆ. ನೇರ ಆಸ್ಪತ್ರೆ.

ಕೊನೆಯದಾಗಿ ಒಂದು ಪ್ರಶ್ನೆ, ಈಗಲೇ ಉತ್ತರ ಬೇಕು. ಆ ಪ್ಯಾಂಟ್ ಇನ್ನೂ ಬಚ್ಚಲುಮನೆಯಲ್ಲೇ ಇದೆಯಾ? ನಿಮ್ಮ ಮನೆಯಲ್ಲಿ ನೀರು ಕಾಯೋದು ಯಾವುದರಲ್ಲಿ?

ಸ್ಪ್ಯಾನರ್‌ಕೈ

ಅಯ್ಯೋ, ಅದನ್ನ ನಾವೆಲ್ಲ ಓದಿ ಮುಂದೆ ಹೋಗಿಬಿಟ್ಟೆವು. ಒಂಟಿಸವಾರರೇ, ಇದ್ದರೆ ಉತ್ತರ ಕೊಡಿ.

ಲ್ಯಾಬ್ ಮೇಷ್ಟ್ರು

ಮುಚ್ಚಿದ ಸಣ್ಣ ಕೋಣೆ, ಭಾರವಾದ ಆವಿ, ಕೆಳಗೆ ನಿಂತಿರುತ್ತೆ. ಲೈಟ್ ಸ್ವಿಚ್ ಮುಟ್ಟಬೇಡಿ, ಹಾಕಿದ್ದರೆ ಹಾಗೇ ಇರಲಿ, ಆರಿದ್ದರೆ ಹಾಗೇ ಇರಲಿ. ಗೀಸರ್ ಹಚ್ಚಬೇಡಿ. ಬಾಗಿಲು ಕಿಟಕಿ ತೆರೆದು ಪ್ಯಾಂಟ್ ಹೊರಗೆ ಬಯಲಿಗೆ ಒಯ್ಯಿರಿ.

ಒಂಟಿಸವಾರ

ಈಗ ನೋಡಿದೆ. ಗ್ಯಾಸ್ ಗೀಸರ್. ಪ್ಯಾಂಟ್ ಅದರ ಪಕ್ಕದ ಮೊಳೆಯಲ್ಲೇ ಇತ್ತು. ಬಾಗಿಲು ತೆಗೆದಾಗ ವಾಸನೆ ಮುಖಕ್ಕೆ ಹೊಡೀತು. ಮಗ ಸ್ನಾನಕ್ಕೆ ಹೊರಟಿದ್ದ, ಟವೆಲ್ ಹೆಗಲ ಮೇಲಿತ್ತು.

ಪ್ಯಾಂಟ್ ತಾರಸಿಗೆ ಒಯ್ದೆ. ಸಿಲಿಂಡರ್ ಬಂದ್ ಮಾಡಿದೆ. ಕಿಟಕಿ ಬಾಗಿಲು ಎಲ್ಲ ತೆಗೆದಿದ್ದೀನಿ, ಎಲ್ಲರನ್ನೂ ಹೊರಗೆ ಕೂರಿಸಿದ್ದೀನಿ. ಆಮೇಲೆ ಬರೀತೀನಿ.

ದಿನಾ ಎಂಬತ್ತು ಕಿಮೀ

ನರ್ಸ್ ಅಕ್ಕ, ನಿಮಗೆ ದೊಡ್ಡ ನಮಸ್ಕಾರ.

ಇವತ್ತು ಬಂಕ್‌ಗೆ ಹೋಗಿದ್ದೆ. ಸೈಡ್ ಸ್ಟ್ಯಾಂಡ್ ಹಾಕಿ ಇಬ್ಬರೂ ಇಳಿದೆವು, ಹೆಂಡತಿ ಹೆಲ್ಮೆಟ್ ಹಿಡಿದು ಗೋಡೆ ಪಕ್ಕಕ್ಕೆ ಹೋಗಿ ನಿಂತಳು. ಮೊಣಕಾಲು ನೋವಾಯ್ತು, ಸುಳ್ಳು ಹೇಳೋದಿಲ್ಲ. ಹಾಕಿಸಿ ಆದ ಮೇಲೆ ಮುಂದಕ್ಕೆ ತಳ್ಳಿ ಅಲ್ಲಿ ಸ್ಟಾರ್ಟ್ ಮಾಡಿದೆ. ನನ್ನ ಹಿಂದಿನವನು ಮಾತ್ರ ಪಕ್ಕದ ಗಾಡಿಯ ಟ್ಯಾಂಕ್ ತೆರೆದಿರುವಾಗಲೇ ಕಿಕ್ ಹೊಡೆದ.

ನಾಜಲ್ ಹಿಡಿದವನು

ಅದು ದಿನಾ ನಡೆಯೋದು ಅಣ್ಣ. ನಮ್ಮ ಟ್ಯಾಂಕ್ ಮುಚ್ಚಿದೆ ಅಂತ ನಾವು ಸ್ಟಾರ್ಟ್ ಮಾಡ್ತೀವಿ, ಪಕ್ಕದವನದ್ದು ಒಂದು ಮೊಳ ದೂರದಲ್ಲಿ ತೆರೆದೇ ಇರುತ್ತೆ. ನೀವು ತಳ್ಳಿದ್ದು ಸರಿ.

ಕ್ಯಾನ್ ತರೋರಿಗೂ ಒಂದು ಮಾತು ಸೇರಿಸಿಬಿಡ್ತೀನಿ. ಕ್ಯಾನನ್ನು ಗಾಡಿ ಸೀಟಿನ ಮೇಲೆ, ಫುಟ್‌ಬೋರ್ಡ್ ಮೇಲೆ ಇಟ್ಟು ತುಂಬಿಸಬೇಡಿ. ನೆಲದ ಮೇಲಿಡಿ, ನಾಜಲ್ ತಾಗಿಸಿ ನಿಧಾನ ತುಂಬಿಸಿ, ಪೂರ್ತಿ ತುಂಬಿಸದೆ ಮೇಲೆ ಸ್ವಲ್ಪ ಜಾಗ ಬಿಡಿ. ನೀರಿನ ಬಾಟಲಿ ತಂದವರಿಗೆ ನಾನು ಹಾಕ್ತಿರಲಿಲ್ಲ, ಬೈಸಿಕೊಂಡಿದ್ದೀನಿ.

ಒಂಟಿಸವಾರ

ಮೂರು ದಿನ ಆಯ್ತು. ಎಲ್ಲರೂ ಕ್ಷೇಮ. ತೊಡೆಗೆ ಗುಳ್ಳೆ ಎದ್ದಿರಲಿಲ್ಲ, ಕೆಂಪು ಇಳಿದಿದೆ. ನಿನ್ನೆ ಅದೇ ಬಂಕ್‌ಗೆ ಹೋಗಿ ಆ ಹುಡುಗನಿಗೆ ಕ್ಷಮೆ ಕೇಳಿ ಬಂದೆ. 'ಸ್ಟಾರ್ಟ್ ಮಾಡಬೇಡಿ' ಅಂತಲೇ ಕೂಗಿದ್ದಂತೆ, ಆ ರಾತ್ರಿ ಅವನಿಗೂ ನಿದ್ದೆ ಬಂದಿರಲಿಲ್ಲವಂತೆ.

ಪ್ಯಾಂಟ್ ಇನ್ನೂ ತಾರಸಿಯಲ್ಲೇ ಗಾಳಿಗಿದೆ, ವಾಸನೆ ಸುಮಾರು ಹೋಗಿದೆ. ವಾಷಿಂಗ್ ಮೆಷಿನ್‌ಗೆ ಹಾಕಬಹುದಾ?

ರಾತ್ರಿಪಾಳಿ ನರ್ಸ್

ಬೇಡ. ಪೂರ್ತಿ ವಾಸನೆ ಹೋಗೋವರೆಗೆ ಹೊರಗೇ ಬಕೆಟ್‌ನಲ್ಲಿ ಕೈಯಿಂದ ಒಗೆಯಿರಿ, ಬೇರೆ ಬಟ್ಟೆ ಸೇರಿಸಬೇಡಿ. ಡ್ರೈಯರ್ ಇದ್ದರೆ ಅದಕ್ಕಂತೂ ಹಾಕಲೇಬೇಡಿ, ಇಸ್ತ್ರಿಯೂ ಬೇಡ. ಎರಡು ಮೂರು ಸಲ ಒಗೆದು ಒಣಗಿಸಿದ ಮೇಲೂ ಮೂಗಿಗೆ ಹಿಡಿದಾಗ ವಾಸನೆ ಬಂದರೆ ಎಸೆಯಿರಿ.

ಒಂಟಿಸವಾರ

ಸರಿ ಅಕ್ಕ. ಅದರ ಜೊತೆ ಚರ್ಮದ ಬೆಲ್ಟ್ ಇತ್ತು, ಅದು ವಾಸನೆ ಬಿಡ್ತಾನೇ ಇಲ್ಲ.

ರಾತ್ರಿಪಾಳಿ ನರ್ಸ್

ಚರ್ಮ ಹೀರಿಕೊಂಡದ್ದು ಒಗೆದರೆ ಹೋಗೋದಿಲ್ಲ. ಬೆಲ್ಟ್ ಬಿಟ್ಟುಬಿಡಿ. ಶೂ ಚರ್ಮದ್ದಾಗಿದ್ದು ಅದಕ್ಕೂ ಬಿದ್ದಿದ್ದರೆ ಅದನ್ನೂ ನೋಡಿ.